ನೇತ್ರಮಂಗಲಕ್ಕೆ ಒಂದೇ ಕಣ್ಣು

ಎಲ್ಲ ಅವಾಂತರಕ್ಕೂ ಸೋಮತಿಲಕ ಮುದಲಾಳಿಯ ಕೈಗಡಿಯಾರವೇ ಕಾರಣ. ಅದು ಐದು ನಿಮಿಷ ಮುಂದೆ ಓಡುತ್ತಿತ್ತು. ಶ್ರೀಲಂಕಾದ ಮಾತಲೆ ಸೀಮೆಯ ಆ ಹಳ್ಳಿಯಲ್ಲಿ ದೊಡ್ಡ ಅಂಗಡಿ ಅವನದು, ಬೌದ್ಧ ವಿಹಾರ ಸಮಿತಿಯ ಅಧ್ಯಕ್ಷಗಿರಿಯೂ ಅವನದು. ಹಾಗಾಗಿ ಅವನ ಗಡಿಯಾರ ತಪ್ಪೆನ್ನುವ ಎದೆಗಾರಿಕೆ ಯಾರಿಗೂ ಇರಲಿಲ್ಲ.

ವಿಗ್ರಹದ ಕೋಣೆಯ ಬಾಗಿಲು ಮುಚ್ಚಿಕೊಂಡು ಜಿನದಾಸ ಒಬ್ಬನೇ ಹೊಸ ಬುದ್ಧನಿಗೆ ಕಣ್ಣು ಬರೆಯುತ್ತಿದ್ದ. ಏಳು ತಲೆಮಾರಿನಿಂದ ಅವನ ಮನೆತನಕ್ಕೆ ಬಂದ ಹಕ್ಕು ಈ ನೇತ್ರಮಂಗಲ. ಹೊಸ ಕಣ್ಣಿನ ಮೊದಲ ನೋಟ ಯಾರಿಗೂ ತಗುಲಬಾರದೆಂದು ಮೂರ್ತಿಗೆ ಬೆನ್ನು ಹಾಕಿ, ಕನ್ನಡಿಯಲ್ಲಿ ನೋಡಿಕೊಂಡು, ಹೆಗಲ ಮೇಲಿಂದ ಕುಂಚ ಚಾಚಿ ಬರೆಯಬೇಕು. ಬಲಗಣ್ಣು ಚೆಲುವಾಗಿ ಮೂಡಿತು. ಎಡಗಣ್ಣಿಗೆ ಕುಂಚ ಎತ್ತಿದ್ದನಷ್ಟೆ, ಹೊರಗೆ ಮುದಲಾಳಿ "ಮುಹೂರ್ತ ಮುಗೀತು!" ಎಂದು ಕೂಗಿದ. ಡೋಲು ಮೊಳಗಿತು. ಕಣ್ಣು ಮುಚ್ಚಿಕೊಂಡೇ ಒಳನುಗ್ಗಿದ ಇಬ್ಬರು ಜಿನದಾಸನ ಕಣ್ಣಿಗೆ ಬಿಳಿ ಬಟ್ಟೆ ಬಿಗಿದು ಹೊರಗೆಳೆದು ತಂದರು. ಬಾಗಿಲು ಮತ್ತೆ ಮುಚ್ಚಿತು.

ಜಿನದಾಸ ಒಂದೇ ಕಣ್ಣು ಬರೆದನೆಂದು ಗೊತ್ತಾದರೆ ಏಳು ತಲೆಮಾರಿನ ಹಕ್ಕು ಅಲ್ಲಿಗೇ ಮುಗಿದಂತೆ. ಪಕ್ಕದೂರಿನ ಸಿಮೆಂಟು ಶಿಲ್ಪಿ ಲಯನಲ್ ಆ ಹಕ್ಕಿಗಾಗಿ ಬಾಯಿಬಿಟ್ಟುಕೊಂಡು ಕೂತಿದ್ದ. ಈಗ ಗುಂಪಿನೊಳಗಿಂದಲೇ ಅವನ ಕೆಮ್ಮು ಕೇಳಿಸುತ್ತಿತ್ತು. ಹೇಗಾದರೂ ಗುಟ್ಟಾಗಿ ಒಳಗೆ ಹೋಗಿ ಇನ್ನೊಂದು ಕಣ್ಣು ಬರೆದುಬಿಡಬೇಕು.

"ಮುದಲಾಳಿ, ಕುಂಚ ಒಳಗೇ ಬಿಟ್ಟೆ. ಒಂದೇ ನಿಮಿಷ..."

"ಸುಮ್ನಿರಿ ಗುರುಗಳೇ! ಮೊದಲು ನಿಮ್ಮ ದೃಷ್ಟಿ ಇಳೀಲಿ."

ಬುದ್ಧನಿಗೆ ಕಣ್ಣು ಕೊಟ್ಟವನ ಮೊದಲ ನೋಟ ಯಾವುದರ ಮೇಲೆ ಬಿದ್ದರೂ ಅದು ಉಳಿಯುವುದಿಲ್ಲವೆಂದು ಊರಿನ ನಂಬಿಕೆ. ಅದಕ್ಕೆಂದೇ ರೈತ ರನ್‌ಹಾಮಿಯ ಎತ್ತನ್ನು ಗೊತ್ತು ಮಾಡಿದ್ದರು.

"ಎತ್ತು ಕೊಡಲ್ಲ," ಎಂದ ರನ್‌ಹಾಮಿ. "ಪಾಪ, ಅದಕ್ಕೆಲ್ಲ ಗೊತ್ತಾಗಿದೆ. ಬೆಳಿಗ್ಗೆಯಿಂದ ಹುಲ್ಲು ಮುಟ್ಟಿಲ್ಲ."

"ಹಾಗಾದ್ರೆ ನಿನ್ನ ತೆಂಗಿನ ಮರ ಕೊಡು. ಹೇಗೂ ಬಗ್ಗಿ ಹೋಗಿದೆ," ಎಂದ ಮುದಲಾಳಿ.

"ನಿಮ್ಮ ಅಂಗಡಿ ತಕ್ಕಡಿನೂ ಒಂದು ಕಡೆ ಬಗ್ಗಿದೆ. ಅದನ್ನೇ ತೋರ್ಸಿ!"

ಅಲ್ಲಿಂದ ಶುರುವಾಯಿತು. ಒಬ್ಬ ಜಿನದಾಸನ ರಟ್ಟೆ ಹಿಡಿದು ತನ್ನ ದಾಯಾದಿಯ ಹೊಸ ಗೋಡೆಯ ಮುಂದೆ ನಿಲ್ಲಿಸಿದ. ದಾಯಾದಿ ಓಡಿ ಬಂದು ಇವನ ಟ್ರ್ಯಾಕ್ಟರಿನತ್ತ ತಿರುಗಿಸಿದ. ಶಾಲೆಯ ಮೇಷ್ಟ್ರು ಕಿವಿಯಲ್ಲಿ, "ನಮ್ಮ ಹೆಡ್‌ಮಾಸ್ಟ್ರು ಇಲ್ಲೇ ನಿಂತಿದಾರೆ, ಬಟ್ಟೆ ಸ್ವಲ್ಪ ಸರಿಸ್ಲಾ?" ಎಂದರು. ಎಲ್ಲ ಜೀವಿಗಳೂ ಸುಖವಾಗಿರಲಿ ಎಂದು ಬೆಳಿಗ್ಗೆಯಷ್ಟೇ ಒಕ್ಕೊರಲಿನಿಂದ ಪಠಿಸಿದ್ದ ಊರು ಅದು.

ಜಿನದಾಸ ಚರಂಡಿಗೆ ಬಿದ್ದ, ಎದ್ದ, ಯಾರದೋ ಬಾಳೆಗೊನೆಗೆ ಹಣೆ ಚಚ್ಚಿಕೊಂಡ. "ದೊಡ್ಡ ಸ್ವಾಮಿಗಳನ್ನ ಕರೀರಿ, ಒಂದು ಗುಟ್ಟು ಹೇಳ್ಬೇಕು," ಎಂದು ಅಂಗಲಾಚಿದ. ವಿಹಾರದ ಆ ಹಿರಿಯ ಭಿಕ್ಷುಗಳು ಪಠಣ ಬಿಟ್ಟು ಏಳುವಂತಿರಲಿಲ್ಲ.

ಅಷ್ಟರಲ್ಲಿ ಮುದುಕಿ ಪೊಡಿಮೆಣಿಕೆ ತಟ್ಟೆಯ ಹೂವು ಬಾಡುತ್ತಿದೆಯೆಂದು ತಾಳ್ಮೆಗೆಟ್ಟು ಬಾಗಿಲು ತಳ್ಳಿದಳು.

"ಅಯ್ಯೋ, ಬನ್ರೋ! ಒಂದೇ ಕಣ್ಣು!"

ಜಿನದಾಸನಿಗೆ ಭೂಮಿ ಬಾಯಿಬಿಟ್ಟು ನುಂಗಬಾರದೇ ಎನಿಸಿತು. ನಾಚಿಕೆಯಿಂದ ಕುಗ್ಗಿ, ಎದುರಿಗೆ ಯಾರಿದ್ದಾರೆಂದು ಕಾಣದಿದ್ದರೂ ಕೈಮುಗಿದ. "ತಪ್ಪಾಯ್ತು. ಒಂದೇ ಬರೆದಿದ್ದೆ..."

ಅವನ ಮಾತನ್ನು ಲಯನಲ್‌ನ ಕೂಗು ನುಂಗಿಹಾಕಿತು. "ಯಾವ ಚಿತ್ರಗಾರನಾದ್ರೂ ಒಂದೇ ಕಣ್ಣು ಬರೀತಾನಾ? ಇದು ಮನುಷ್ಯರ ಕೆಲಸ ಅಲ್ಲ. ತಾನಾಗೇ ತೆರೆದದ್ದು! ಏಳು ತಲೆಮಾರಿನ ಹಕ್ಕು ಇದಕ್ಕೆ ಬೇಕಾಗ್ಲೇ ಇಲ್ಲ!"

"ಸಾಧು! ಸಾಧು!" ಎಂದು ಜನ ಅಡ್ಡಬಿದ್ದರು. ನಮ್ಮೂರನ್ನು ನೋಡುವುದಕ್ಕೆ ಒಂದು ಕಣ್ಣು ಧಾರಾಳ ಸಾಕೆಂದು ಭಗವಂತನಿಗೆ ಅನಿಸಿರಬೇಕು ಎಂದು ಯಾರೋ ಗೊಣಗಿದರು. ಮುದಲಾಳಿ ಮಾತ್ರ ಆಗಲೇ ಧ್ವನಿವರ್ಧಕಕ್ಕೆ ಹೇಳಿ ಕಳಿಸಿದ್ದ.

"ನಾನೇ ಬರೆದದ್ದು ಕಣ್ರಪ್ಪಾ! ಬಿಡಿ, ಇನ್ನೊಂದನ್ನೂ ಬರೀತೀನಿ!" ಜಿನದಾಸ ಬಾಗಿಲಿನತ್ತ ತಡಕಾಡಿದ.

"ತಾನಾಗಿ ತೆರೆಯೋ ಕಣ್ಣಿಗೆ ಬಣ್ಣ ಬಳೀತಾನಂತೆ! ತಲೆ ಕೆಟ್ಟಿದೆಯೇನ್ರೀ?" ಎಂದ ಮುದಲಾಳಿ. ಬಾಗಿಲಿಗೆ ಕಾವಲು ಬಿತ್ತು. ಕಾವಲಿಗೆ ನಿಂತವನು ಲಯನಲ್.

"ಈ ಬಟ್ಟೆಯನ್ನಾದ್ರೂ ಬಿಚ್ಚಿ," ಎಂದ ಜಿನದಾಸ ಸೋತ ದನಿಯಲ್ಲಿ.

ರನ್‌ಹಾಮಿ ಎದುರಿಗೇ ನಿಂತು ಗಂಟು ಬಿಚ್ಚಿದ. ಜಿನದಾಸನ ಮೊದಲ ನೋಟ ನೇರವಾಗಿ ಅವನ ಮುಖದ ಮೇಲೇ ಬಿತ್ತು. ಜಿನದಾಸ ಹೌಹಾರಿ ಕಣ್ಣು ಮುಚ್ಚಿಕೊಂಡ.

"ಧಾರಾಳವಾಗಿ ನೋಡಿ ಗುರುಗಳೇ," ಎಂದ ರನ್‌ಹಾಮಿ ನಗುತ್ತ. "ನೀವೇನೂ ಬರೆದಿಲ್ವಲ್ಲ. ನೀವು ನೋಡಿದ್ರೆ ಏನಾಗತ್ತೆ?"