ಭೀಮಾಶಂಕರನ ಸ್ವಂತ ರಾಗ

ಭೀಮಾಶಂಕರನಿಗೆ ಇಡೀ ಹೈದರಾಬಾದಿನ ಮೇಲೆ ಗುಮಾನಿ. ಹೈಟೆಕ್ ಸಿಟಿ ಎದ್ದು ಮನೆಮನೆಗೂ ಕಂಪ್ಯೂಟರ್ ನುಗ್ಗಿದ ಮೇಲೆ ರಾಗ ಕದಿಯುವುದು ಬದನೆಕಾಯಿ ಹೆಚ್ಚುವಷ್ಟು ಸಲೀಸು ಎಂದು ಯಾರೋ ಅವನ ಕಿವಿ ಊದಿದ್ದರು. ಪಟಾನ್‌ಚೆರುವಿನ ಕಾರ್ಖಾನೆಯಲ್ಲಿ ಪಾಳಿ ಮುಗಿಸಿ ಬಂದವನೇ ಬಾಗಿಲು ಹಾಕಿಕೊಂಡು, ತನ್ನದೇ ಕಂಪ್ಯೂಟರಿನಲ್ಲಿ ಹಾಡು ಕಟ್ಟುತ್ತಿದ್ದ. ಅವನದೊಂದು ಘೋರ ವ್ರತ: ಇನ್ನೊಬ್ಬರ ರಾಗದ ಒಂದೆಳೆಯನ್ನೂ ಮುಟ್ಟುವುದಿಲ್ಲ. (ತನ್ನದನ್ನು ಮುಟ್ಟಿದವರನ್ನು ಬಿಡುವುದೂ ಇಲ್ಲ.) ಭಾನುವಾರ ಕನ್ನಡ ಸಂಘದಲ್ಲಿ ಮೊದಲ ಸಿ.ಡಿ. ಬಿಡುಗಡೆ: ಹನ್ನೊಂದು ಹಾಡು, ಎಲ್ಲಕ್ಕೂ ಒಂದೇ ರಾಗ. ಅದರ ಕವರಿನ ಮೇಲೆ ‘ಸಾಹಿತ್ಯ: ಭೀಮಾಶಂಕರ’ ಎಂಬುದರ ಕೆಳಗೆ ‘ರಾಗ: ಭೀಮಾಶಂಕರ’ ಎಂದೂ ಅಚ್ಚಾಗಬೇಕು. ಹದಿನೈದು ವರ್ಷ ಬಾಯ್ಲರ್ ಕಾದ ಮನುಷ್ಯನಿಗೆ ಬೇರೆ ಆಸೆಯೇ ಇರಲಿಲ್ಲ.

ಶುಕ್ರವಾರ ಬೆಳಿಗ್ಗೆ ಮೇಲಿನ ಮನೆಯ ಕೃಷ್ಣಾಬಾಯಿ ಬಟ್ಟೆ ಒಣಹಾಕುತ್ತ ಆ ಸಿ.ಡಿ.ಯ ರಾಗವನ್ನೇ ಗುನುಗಿದಳು. ಭೀಮಾಶಂಕರ ನೇರ ಅಡುಗೆಮನೆಗೆ ನಡೆದ.

“ಮನಿಯಾಗಿನವರ ಯಾರೋ ನನ್ನ ರಾಗ ಹೊರಗ ದಾಟಿಸ್ಯಾರ,” ಎಂದ, ಅಡುಗೆಮನೆಯ ಬಾಗಿಲಲ್ಲಿ ನಿಂತು.

ಹೆಂಡತಿ ಗುರುದೇವಿ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ. “ಮನಿಯಾಗ ಇರೋರು ಇಬ್ಬರು. ನೀವಲ್ಲಂದ್ರ ನಾನ. ಸುತ್ತಿ ಬಳಸಿ ಯಾಕ ಮಾತಾಡಾಕತ್ತೀರಿ?”

“ಕಿಟಕಿ ತೆಗೆದಿದ್ದಿ ಏನು?”

“ಉಸಿರಾಡಾಕ ತೆಗೆದಿದ್ದೆ. ಅದಕ್ಕೂ ನಿಮ್ಮ ಪಾಸ್‌ವರ್ಡ್ ಬೇಕೇನ್ರಿ?”

ಇವಳೇ ಎಂದು ಅವನಿಗೆ ಮುಕ್ಕಾಲು ಪಾಲು ಖಾತ್ರಿಯಾಯಿತು. ಉಳಿದ ಕಾಲು ಪಾಲಿಗಾಗಿ ಕೃಷ್ಣಾಬಾಯಿಯನ್ನು ಕೆಳಗೆ ಕರೆಸಿ, ನ್ಯಾಯಾಧೀಶನ ಗತ್ತಿನಲ್ಲಿ ಕುಳಿತು ವಿಚಾರಣೆ ಶುರುಮಾಡಿದ.

“ಆ ರಾಗ ನಿಮಗ ಯಾರು ಕೊಟ್ರು?”

“ನಿಮ್ಮ ಮನಿಯವರ, ಅಣ್ಣಾರ,” ಎಂದಳು ಕೃಷ್ಣಾಬಾಯಿ. ಅವನು ಹೆಂಡತಿಯ ಕಡೆಗೆ ವಿಜಯದ ನೋಟ ಬೀರುವಷ್ಟರಲ್ಲಿ ಕೃಷ್ಣಾಬಾಯಿಯೇ ಮುಂದುವರಿಸಿದಳು: “ನಮ್ಮ ಮಗಳು ವಾಸಂತಿ ಸೀಮಂತದಾಗ ಗಂಡನ ಹೆಸರು ಪದದಾಗ ಸೇರಿಸಿ ಹೇಳಂದ್ರ ಈಕಿ ಇದ ರಾಗದಾಗ ಒಡಪು ಹೇಳಿದ್ಲು. ಮೂರು ವರ್ಷಾತು.” ಹೇಳಿದವಳು ಹಾಡಿಯೂ ತೋರಿಸಿದಳು:

“ಹುಗ್ಗಿಗೆ ತುಪ್ಪ ಬೇಕ, ರೊಟ್ಟಿಗೆ ಚಟ್ನಿ ಬೇಕ,
ಭೀಮಾಶಂಕರ ಮಲಗಿದರ ಕಿವಿಗೆ ಹತ್ತಿ ಬೇಕ.”

ಭೀಮಾಶಂಕರ ಬೆರಳು ಮಡಚಿ ಲೆಕ್ಕ ಹಾಕಿದ. ಕಂಪ್ಯೂಟರ್ ತಂದು ಇನ್ನೂ ಒಂದು ವರ್ಷವಾಗಿರಲಿಲ್ಲ.

“ಅದು ಊರಾಗಿನ ಹಳೇ ರಾಗ ಇರಬೇಕು,” ಎಂದ ಕೊನೆಯ ಆಸೆಯಿಂದ.

“ಊರಿಂದಲ್ಲ, ನಾನ ಕಟ್ಟಿದ್ದು,” ಎಂದಳು ಗುರುದೇವಿ. “ದಿನಾ ರೊಟ್ಟಿ ಬಡೀವಾಗ ಹಾಡ್ತೀನಿ. ಗೋಡಿ ಆ ಕಡೆ ನೀವು ಕುಂತಿರ್ತೀರಿ.”

ಅವನಿಗೆ ನಿಜಕ್ಕೂ ನಾಚಿಕೆಯಾಯಿತು. ಊರೆಲ್ಲ ಕಳ್ಳನನ್ನು ಹುಡುಕಿದವನಿಗೆ ಕನ್ನಡಿ ನೋಡಬೇಕೆಂದು ಹೊಳೆದಿರಲಿಲ್ಲ. ಸುಮ್ಮನಿದ್ದಿದ್ದರೆ ಯಾರೂ ಕೇಳುತ್ತಿರಲಿಲ್ಲ, ಆದರೆ ವ್ರತ ಅವನದೇ. ಸಂಕಟಪಡುತ್ತಲೇ ಪ್ರೆಸ್ಸಿಗೆ ಹೋಗಿ ‘ರಾಗ: ಗುರುದೇವಿ’ ಎಂದು ತಿದ್ದಿಸಿ ಬಂದ.

ಭಾನುವಾರ ಸಂಘದ ವೇದಿಕೆಯ ಮೇಲೆ ಹೆಂಡತಿಯನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು, “ಈ ರಾಗ ನಮ್ಮ ಮನಿಯವರದು,” ಎಂದು ಒಪ್ಪಿಕೊಂಡ. ಜನ ಚಪ್ಪಾಳೆ ತಟ್ಟಿದರು. ಮುಂದಿನ ಸಾಲಿನ ಹೆಂಗಸರು ಮಾತ್ರ ಬಿಡಲಿಲ್ಲ. “ಮನಿಯವರಂದ್ರ ಯಾರು? ಹೆಸರು ಹೇಳ್ರಿ. ಒಡಪು ಕಟ್ಟಿ ಹೇಳ್ರಿ,” ಎಂದರು.

ಹನ್ನೊಂದು ಹಾಡು ಬರೆದ ಕವಿಪುಂಗವನಿಗೆ ಒಂದಕ್ಷರವೂ ಹೊಳೆಯಲಿಲ್ಲ. ಹೆಂಡತಿಯತ್ತ ಬಾಗಿ, “ಎರಡು ಸಾಲು ಹೇಳಿಕೊಡು, ಲಗೂನ,” ಎಂದು ಪಿಸುಗುಟ್ಟಿದ.

“ಹೇಳಿಕೊಡ್ತೀನಿ,” ಎಂದಳು ಗುರುದೇವಿ, ಮೈಕಿಗೆ ಸರಿಯಾಗಿ ಕೇಳುವ ಹಾಗೆ. “ಕವರಿನ ಮ್ಯಾಲೆ ‘ಸಾಹಿತ್ಯ’ ಅಂತನೂ ಒಂದು ಸಾಲು ಐತಲ್ಲ, ಅಲ್ಲಿ ಯಾರ ಹೆಸರು ಹಾಕಸ್ತೀರಿ?”