ಆಲೂಗೆಡ್ಡೆ ಮೂಟೆಯೂ ಬಾವನ ಪಾದವೂ

ಹೊಲಿಗೆ ಮಿಷನ್ ತುಳಿಯುವವನ ಮೈಯಲ್ಲಿ ಬಲವಿಲ್ಲ ಎಂದು ಯಾರಾದರೂ ಹೇಳಿದರೆ ನಾನು ಒಪ್ಪುವವನಲ್ಲ. ತಮಿಳುನಾಡಿನ ಗಡಿಯೊಳಗಿರುವ ನಮ್ಮ ತಾಳವಾಡಿಯ ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ಕೂತು ಇಷ್ಟು ವರ್ಷ ಊರಿಗೆಲ್ಲ ಅಂಗಿ, ಚೆಡ್ಡಿ, ಜಾಕೀಟು ಹೊಲಿದಿದ್ದೇನೆ. ಐವತ್ತು ದಾಟಿದ್ದರೂ ನನ್ನ ಕಾಲು ಇನ್ನೂ ಗಟ್ಟಿ. ಸೊಂಟದ ವಿಷಯ ಮಾತ್ರ ನಾನು ಅಷ್ಟಾಗಿ ಯೋಚಿಸಿರಲಿಲ್ಲ.

ಯೋಚಿಸುವಂತೆ ಮಾಡಿದ್ದು ಮೊಬೈಲು. ಗುಂಡಿ ಹೊಲಿಯುವಾಗ ನೋಡೋಣವೆಂದು ಒಂದು ವಿಡಿಯೋ ಹಾಕಿಕೊಂಡೆ. ತೋಳಿಲ್ಲದ ಬನಿಯನ್ ತೊಟ್ಟ ಒಬ್ಬ ಮನುಷ್ಯ ಬೆರಳು ತೋರಿಸಿ ನನ್ನನ್ನೇ ಬೈಯುತ್ತಿದ್ದ. ಮಿತಿ ಎನ್ನುವುದು ಮೈಯಲ್ಲಿಲ್ಲವಂತೆ, ಮನಸ್ಸಿನಲ್ಲಿದೆಯಂತೆ. ಮೈ ಸಾಕು ಎಂದಾಗ ನಿಲ್ಲುವವನು ಹೇಡಿಯಂತೆ. ಅಲ್ಲಿಂದ ಮುಂದಕ್ಕೆ ಹೋಗುವವನು ಗೆದ್ದನಂತೆ. ನನಗೆ ಬಹಳ ನಾಚಿಕೆಯಾಯಿತು. ನಾನು ಮೈ ಸಾಕು ಎನ್ನುವುದಕ್ಕೂ ಮೊದಲೇ ಕಾಫಿಗೆ ಎದ್ದು ಹೋಗುವವನು.

ಅವತ್ತೇ ಮನೆಯಲ್ಲಿ ಘೋಷಿಸಿದೆ. ಪೊಂಗಲ್ ಹಬ್ಬಕ್ಕೆ ಹುಡುಗರ ಸಂಘದವರು ಆಲೂಗೆಡ್ಡೆ ಮೂಟೆ ಹೊತ್ತು ಓಡುವ ಪಂದ್ಯ ಇಟ್ಟಿದ್ದಾರೆ, ನಾನೂ ಸೇರಿದ್ದೇನೆ ಎಂದೆ. ನನ್ನ ಹೆಂಡತಿ ಮಾದೇವಿ ಆಗತಾನೇ ಹೊಲದಿಂದ ಮೇವಿನ ಹೊರೆ ತಂದು ಇಳಿಸಿ ಬೆವರು ಒರೆಸಿಕೊಳ್ಳುತ್ತಿದ್ದಳು.

"ಯಾತಕ್ಕ?" ಎಂದಳು.

"ಮನ್ಸ ತನ್ನ ಮಿತಿ ಮೀರ್ಬೇಕು ಕಣಮ್ಮಿ."

"ನಾವು ದಿನಾ ಮೀರ್ತೀವಿ. ಸಾಕಾಗಿ ಗಳಿಗೆ ಕೂತ್ರೆ ಸೋಂಬೇರಿ ಅಂತೀರಿ. ನೀವು ಬೇಕು ಅಂತ ಸುಸ್ತು ಮಾಡ್ಕಂಡ್ರೆ ಸಾಧನೆಯಾ?"

ಈ ಪ್ರಶ್ನೆಗೆ ಬನಿಯನ್ ಮನುಷ್ಯ ಉತ್ತರ ಹೇಳಿರಲಿಲ್ಲ. ನಾನು ಟೇಪು ತೆಗೆದು ಟ್ರ್ಯಾಕ್ ಪ್ಯಾಂಟಿಗೆ ನನ್ನದೇ ಅಳತೆ ಹಿಡಿಯಲು ಹೋದೆ.

ಹಬ್ಬದ ದಿನ ಮೈದಾನದಲ್ಲಿ ಊರೆಲ್ಲ ಸೇರಿತ್ತು. ಮೈಕು ಹಿಡಿದ ಹುಡುಗ ಅರ್ಧ ತಮಿಳು ಅರ್ಧ ಕನ್ನಡದಲ್ಲಿ, "ಅಡುತ್ತದಾಗ, ಮುಂದಕ್ಕ ನಮ್ಮ ಟೈಲರ್ ಸಿದ್ದಣ್ಣ ಬತ್ತಾವ್ರೆ, ಎಲ್ಲಾರೂ ಕೈ ತಟ್ಟಿ" ಎಂದ. ಜನ ಕೈ ತಟ್ಟಿದರು. ಹೊಸ ಟ್ರ್ಯಾಕ್ ಪ್ಯಾಂಟು ನಾನೇ ಹೊಲಿದುಕೊಂಡಿದ್ದೆ. ಅದರ ಎರಡು ಬದಿಗೂ ಕೆಂಪು ಪಟ್ಟಿ. ಸೋತರೂ ಪಟ್ಟಿಯನ್ನಾದರೂ ಜನ ನೋಡಲಿ ಎಂದು.

ಬಗ್ಗಿ ಮೂಟೆಯ ಎರಡು ಕಿವಿ ಹಿಡಿದು ಎಳೆದೆ. ಮೂಟೆ ಮೊಣಕಾಲಿನವರೆಗೆ ಬಂತು. ಸೊಂಟದಲ್ಲಿ ಸಣ್ಣಗೆ 'ಕಟಕ್' ಎಂದಿತು. ಮೈ ಸಾಕು ಎನ್ನುತ್ತಿದೆ ಎಂದು ನನಗೆ ಸ್ಪಷ್ಟವಾಗಿ ತಿಳಿಯಿತು. ಹೇಡಿಯಾದರೆ ಇಲ್ಲೇ ನಿಲ್ಲುತ್ತಿದ್ದ. ನಾನು ಇನ್ನೊಮ್ಮೆ ಎಳೆದೆ. ಎರಡನೆಯ 'ಕಟಕ್' ಮೈಕಿನಲ್ಲೂ ಕೇಳಿಸಿತು ಎಂದು ಆಮೇಲೆ ಹೇಳಿದವರಿದ್ದಾರೆ.

ಮೂಟೆ ಕೆಳಗೆ ಹೋಯಿತು. ನಾನು ಮೇಲೆ ಬರಲಿಲ್ಲ.

ಬಗ್ಗಿದವನು ಬಗ್ಗಿದಂತೆಯೇ ನಿಂತೆ. ಏಳೋಣವೆಂದರೆ ಬೆನ್ನಿಗೆ ಮೊಳೆ ಹೊಡೆದಂತೆ ನೋವು. ಕಣ್ಣೆದುರು ಮಣ್ಣು, ಮೂಟೆ, ನನ್ನದೇ ಎರಡು ಕಾಲು. ಮೈಕಿನ ಹುಡುಗ, "ಟೈಲರ್ ಅಣ್ಣ ಮೂಟೆಗೆ ನಮಸ್ಕಾರ ಮಾಡ್ತಾವ್ರೆ, ಭಕ್ತಿ ಅಂದ್ರೆ ಇದು" ಎಂದ. ಜನ ಮತ್ತೆ ಕೈ ತಟ್ಟಿದರು. ನಮಸ್ಕಾರ ಬಹಳ ಹೊತ್ತು ಮುಗಿಯದಿದ್ದಾಗ ಮಾದೇವಿ ಎದ್ದು ಬಂದಳು.

"ಏಳ್ಕಾಗಾಕಿಲ್ವಾ?"

"ಇಲ್ಲ."

ಅವಳು ಬೈಯಲಿಲ್ಲ. ಅದರಿಂದಲೇ ನನಗೆ ಭಯವಾಯಿತು.

ಹಬ್ಬವಾದ್ದರಿಂದ ಡಾಕ್ಟರು ತಮ್ಮ ಊರಿಗೆ ಹೋಗಿದ್ದರು. ತಿಗನಾರೆಯಲ್ಲಿ ಉಳುಕು ತೆಗೆಯುವ ನಂಜಮ್ಮಜ್ಜಿ ಇದ್ದಾಳೆ, ಅಲ್ಲಿಗೇ ಹೋಗೋಣ ಎಂದಳು ಮಾದೇವಿ. ತಿಗನಾರೆ ಬೇಡ ಎಂದೆ ನಾನು, ಬಗ್ಗಿಕೊಂಡೇ. ಯಾಕೆಂದರೆ ಅಜ್ಜಿಯ ಪಕ್ಕದ ಮನೆಯೇ ಮಾದೇವಿಯ ಅಣ್ಣ ಚಿಕ್ಕಬಸಪ್ಪನದು. ನನಗೂ ಈ ಬಾವನಿಗೂ ಮೂರು ವರ್ಷದಿಂದ ಮಾತಿಲ್ಲ.

ಕಾರಣ ಒಂದು ಅಂಗಿ. ಅವನ ಮಗಳ ಮದುವೆಗೆ ನಾನೇ ಹೊಲಿದುಕೊಟ್ಟಿದ್ದೆ. ಧಾರೆ ಎರೆಯಲು ಕೈ ಎತ್ತಿದಾಗ ಎರಡು ಕಂಕುಳೂ ಒಟ್ಟಿಗೆ ಟರ್ ಎಂದವು. ಬೀಗರ ಮುಂದೆಯೇ ಬಾವ, "ಇದ ನಂಗ ಒಲ್ದಿದ್ದಯೋ, ದನದ ಕರಕ್ಕ ಒಲ್ದಿದ್ದಯೋ?" ಎಂದ. "ಅಳತೆ ಕೊಟ್ಟ ಮ್ಯಾಲ ಉಂಡು ಉಂಡು ಊದ್ಕಂಡ್ರ ಅಂಗಿ ಏನ ಮಾಡ್ತದ?" ಎಂದೆ ನಾನು. ಅವತ್ತಿನಿಂದ ಅವನು ಸಂತೆಗೆ ಬಂದರೂ ನನ್ನ ಬೀದಿಗೆ ಬರುತ್ತಿರಲಿಲ್ಲ. ಮಾದೇವಿ ತವರಿಗೆ ಒಬ್ಬಳೇ ಹೋಗಿ, ಒಬ್ಬಳೇ ಬಂದು, ಎರಡು ದಿನ ಮಾತಿಲ್ಲದೆ ಇರುತ್ತಿದ್ದಳು. ಬಾವನೇ ಮೊದಲು ಬರಲಿ ಎಂದು ನಾನು, ನಾನೇ ಮೊದಲು ಬರಲಿ ಎಂದು ಅವನು.

ಕೋಸು ಸಾಗಿಸುವ ಲಗೇಜ್ ಆಟೋ ಒಂದು ಸಿಕ್ಕಿತು. ಸೀಟಿನಲ್ಲಿ ಕೂರಲಾಗದ ನನ್ನನ್ನು ಹಿಂದಿನ ತೊಟ್ಟಿಯಲ್ಲಿ ನಾಲ್ಕು ಕಾಲಿನ ಮೇಲೆ ನಿಲ್ಲಿಸಿದರು. ಚಳಿಗಾಳಿ ತಾಗದಿರಲಿ, ಊರವರಿಗೆ ಮುಖ ಕಾಣದಿರಲಿ ಎಂದು ಮಾದೇವಿ ಮೇಲೊಂದು ಕಂಬಳಿ ಹೊದಿಸಿ ಪಕ್ಕದಲ್ಲಿ ಕೂತಳು. ದಾರಿಯಲ್ಲಿ ಆಟೋ ನಿಧಾನ ಮಾಡಿದಾಗ ಯಾರೋ ಕೇಳಿದರು: "ಕರ ಎಲ್ಲಿ ಇಡ್ಕಂಡ್ರವ್ವ? ಚೆನ್ನಾಗದಲ್ಲ."

"ತಕ್ಕತೀಯಣ್ಣ?" ಎಂದಳು ಮಾದೇವಿ.

ಕಂಬಳಿಯೊಳಗಿಂದ ನಾನು ಕೆಮ್ಮಿದೆ. ಆ ಮನುಷ್ಯ ಬೇಗ ಬೇಗ ಹೊರಟುಹೋದ.

ತಿಗನಾರೆ ತಲುಪಿದೆವು. ಅಜ್ಜಿಯ ಮನೆ ಸಂದಿಯೊಳಗೆ, ಆಟೋ ಹೋಗುವುದಿಲ್ಲ. ಡ್ರೈವರು ನನ್ನನ್ನು ಇಳಿಸಿದ್ದು ಸರಿಯಾಗಿ ಬಾವನ ಮನೆಯ ಮುಂದೆ. ಮಾದೇವಿ ಅಜ್ಜಿಯನ್ನು ಕರೆತರಲು ಓಡಿದಳು. ನಾನು ಸೊಂಟ ಮಡಿಸಿಕೊಂಡು ಅಂಗಳ ನೋಡುತ್ತ ನಿಂತೆ. ನನ್ನ ಕಣ್ಣ ಮುಂದೆ ಎರಡು ಪಾದ ಬಂದು ನಿಂತವು. ಹೆಬ್ಬೆರಳು ಸೀಳಿದ ಆ ಪಾದ ನನಗೆ ಗೊತ್ತು. ಮದುವೆಯಲ್ಲಿ ಅದಕ್ಕೆ ನಾನೇ ಬಗ್ಗಿ ನಮಸ್ಕಾರ ಮಾಡಿದ್ದೆ, ಅಂಗಿ ಹರಿಯುವುದಕ್ಕೆ ಮೊದಲು.

ಪಾದ ಒಂದು ಹೆಜ್ಜೆ ಹತ್ತಿರ ಬಂತು. ಆಮೇಲೆ ಮೇಲಿನಿಂದ ಬಾವನ ದನಿ ಬಂತು.

"ಏಳಪ್ಪ. ಏಳು."

ನಮ್ಮ ಕಡೆ ಮಾತಿನಲ್ಲಿ ಹಕಾರ ಹಾರಿಹೋಗುತ್ತದೆ. 'ಹೇಳು' ಎಂದರೂ ಏಳು, 'ಎದ್ದೇಳು' ಎಂದರೂ ಏಳು. ಅವನು ಮೇಲಕ್ಕೆ ಏಳು ಎಂದದ್ದು. ಏನಾಯಿತು ಹೇಳು ಎಂದು ನಾನು ತಿಳಿದುಕೊಂಡೆ.

"ಏನಂತ ಏಳ್ಲಿ ಬಾವ? ಎಲ್ಲಾ ನಂದೇ ತೆಪ್ಪು. ಜಂಬ ಮಾಡ್ಬುಟ್ಟೆ. ಅನುಬವಿಸ್ತಾವ್ನಿ" ಎಂದೆ. ನಾನು ಹೇಳಿದ್ದು ಆಲೂಗೆಡ್ಡೆಯ ವಿಷಯ.

ಬಾವ ಮೂಗು ಒರೆಸಿಕೊಂಡ ಸದ್ದು ಕೇಳಿಸಿತು. "ನಂದೂ ತೆಪ್ಪು ಅದ ಕಣ್ಲಾ ಸಿದ್ದ. ಅಳತೆ ಕೊಟ್ಟ ಮ್ಯಾಲ ನಾನು ದಪ್ಪ ಆದದ್ದು ನಿಜವೇ. ನಿಮ್ಮತ್ತಿಗೆ ಅವತ್ತೇ ಅಂದಿದ್ಲು. ಆದದ್ದು ಆಗೋಯ್ತು. ಏಳು."

ಆಗ ನನಗೆ ಅರ್ಥವಾಯಿತು. ಆಗಲೇ ನಿಜ ಹೇಳಬೇಕಿತ್ತು. ಅಕ್ಕಪಕ್ಕದವರು ಸೇರಿದ್ದರು, ಬಾವನ ಹೆಂಡತಿ ಅತ್ತಿಗೆ ಬಾಗಿಲಲ್ಲಿ ಸೆರಗು ಕಣ್ಣಿಗೆ ಒತ್ತಿಕೊಂಡಿದ್ದಳು. ಹಿಂದೆ ಬಂದು ನಿಂತಿದ್ದ ಮಾದೇವಿ ಬಾಯಿ ತೆಗೆಯದಂತೆ ನನ್ನ ತೊಡೆಗೆ ಚಿವುಟಿದಳು.

"ಏಳ್ಕಾಗಾಕಿಲ್ಲ ಬಾವ" ಎಂದಷ್ಟೇ ಹೇಳಿದೆ. ಅದು ಎರಡು ಅರ್ಥದಲ್ಲೂ ನಿಜವಾಗಿತ್ತು.

"ಇಷ್ಟೊಂದು ನೊಂದ್ಕಬ್ಯಾಡ ಕಣ್ಲಾ. ನೀ ಏಳ್ದಿದ್ರ ನಾನೇ ಎತ್ತೀನಿ" ಎಂದ ಬಾವ. ಬೇಡ ಬೇಡ ಎನ್ನುವಷ್ಟರಲ್ಲಿ ನನ್ನ ಎರಡು ಕಂಕುಳಿಗೂ ಕೈ ಹಾಕಿ, ಅರವತ್ತು ದಾಟಿದ ತನ್ನ ಶಕ್ತಿಯನ್ನೆಲ್ಲ ಸೇರಿಸಿ ಎತ್ತಿದ.

ಈ ಸಲವೂ ಎರಡು ಸಲ ಕಟಕ್ ಎಂದಿತು. ಒಂದು ನನ್ನದು. ಇನ್ನೊಂದು ಬಾವನದು.

ನಂಜಮ್ಮಜ್ಜಿ ಬಂದವಳು ಇಬ್ಬರನ್ನೂ ಬಾವನ ಹಜಾರದಲ್ಲಿ ಅಕ್ಕಪಕ್ಕದ ಚಾಪೆಯ ಮೇಲೆ ಮಕಾಡೆ ಮಲಗಿಸಿ, ಬಿಸಿ ಹರಳೆಣ್ಣೆ ಸುರಿದು ತಿಕ್ಕಲು ಕೂತಳು. "ಇವ್ನು ನಿನ್ನ ಎತ್ತಕ್ಕೋಗಿ ಉಳುಕುಸ್ಕಂಡ. ನಿಂಗ ಎಂಗಾಯ್ತಪ್ಪ?" ಎಂದು ಕೇಳಿದಳು.

ನಾನು ಚಾಪೆಯಲ್ಲಿ ಮುಖ ಹುದುಗಿಸಿದೆ. ಬಾಯಿ ಮುಚ್ಚಿಸಲು ಬಂದರೂ ಕೇಳಿದವರಿಗೆ ಸುಳ್ಳು ಹೇಳಲು ಬಾರದ ಮಾದೇವಿಯೇ ಎಲ್ಲ ಹೇಳಿದಳು. ವಿಡಿಯೋ, ಮೂಟೆ, ಕೆಂಪು ಪಟ್ಟಿ, ಒಂದನ್ನೂ ಬಿಡಲಿಲ್ಲ.

ಬಾವ ಕತ್ತನ್ನು ಆಚೆ ಗೋಡೆಯ ಕಡೆ ತಿರುಗಿಸಿದ. ಬೇರೆ ದಿನವಾಗಿದ್ದರೆ ಅವನು ಕೋಪದಿಂದ ಎದ್ದು ಹೋಗುತ್ತಿದ್ದ. ಎದ್ದು ಹೋಗಬೇಕಾದರೆ ಮೊದಲು ಏಳಬೇಕಲ್ಲ!

ಆಮೇಲೆ ಗೋಡೆಗೇ ಕೇಳಿದ. "ಅಂಗಾದ್ರ ನೀ ನನ್ನ ಕಾಲಿಗ ಬೀಳಕ್ಕ ಬಂದದ್ದಲ್ಲ."

"ಅಲ್ಲ ಬಾವ."

"ಸೊಂಟ ಸರ್ಯಾಗಿದ್ರ ಬತ್ತಿದ್ದಾ?"

ನಾನು ಸುಳ್ಳು ಹೇಳಬಹುದಿತ್ತು. ಅಜ್ಜಿಯ ಹೆಬ್ಬೆರಳು ಸರಿಯಾಗಿ ನೋವಿನ ಜಾಗದ ಮೇಲಿತ್ತು. "ಇಲ್ಲ" ಎಂದೆ.

"ನಾನೂ ಬತ್ತಿರ್ಲಿಲ್ಲ ಬುಡು" ಎಂದು ಬಾವ ನಿಧಾನವಾಗಿ ಕತ್ತು ಈಚೆಗೆ ತಿರುಗಿಸಿದ. "ಮೂಟೆ ಎಷ್ಟು ಮೇಲಕ್ಕ ಬಂದಿತ್ತು?"

"ಮೊಣಕಾಲ್ಗಂಟ."

"ನಿನ್ನ ನಾನು ಸೊಂಟದ್ಗಂಟಾದ್ರೂ ಎತ್ತಿವ್ನಿ" ಎಂದ. ಅದರಲ್ಲಿ ಅವನಿಗೆ ಎಷ್ಟು ಸಂತೋಷವಾಯಿತೆಂದರೆ ನಗಲು ಹೋಗಿ ನೋವಾಗಿ ಅತ್ತೇಬಿಟ್ಟ. ಅವನನ್ನು ನೋಡಿ ನನಗೂ ನಗು ಬಂತು, ನನಗೂ ಅದೇ ಗತಿಯಾಯಿತು. ಅಡುಗೆಮನೆಯಿಂದ ಓಡಿಬಂದ ಮಾದೇವಿ ಮತ್ತು ಅತ್ತಿಗೆ, ನಾವು ಹಳೆಯದನ್ನೆಲ್ಲ ನೆನೆದು ಅಳುತ್ತಿದ್ದೇವೆಂದು ತಿಳಿದು ಸದ್ದಿಲ್ಲದೆ ಹಿಂದಕ್ಕೆ ಹೋದರು.

ಹಬ್ಬ ಮುಗಿಯುವವರೆಗೂ ಅಲ್ಲೇ ಬಿದ್ದಿದ್ದೆವು. ಹಬ್ಬದ ಊಟವನ್ನು ಮಲಗಿದಲ್ಲೇ ಬಾಯಿಗೆ ಹಾಕಿಸಿಕೊಂಡೆವು. ಮೂರು ವರ್ಷದ ಮಾತು ಬಾಕಿಯಿತ್ತು, ಬೇರೆ ಕೆಲಸವೂ ಇರಲಿಲ್ಲ. ಮಾದೇವಿ ಹಗಲೆಲ್ಲ ಅತ್ತಿಗೆಯ ಜೊತೆ ಜಗಲಿಯಲ್ಲಿ ಕೂತು ಎಲೆಯಡಿಕೆ ಹಾಕುತ್ತ ನಗುತ್ತಿದ್ದಳು. ಮದುವೆಯಾದ ಮೇಲೆ ಅವಳು ಅಷ್ಟು ಹೊತ್ತು ಸುಮ್ಮನೆ ಕೂತದ್ದನ್ನು ನಾನು ನೋಡಿರಲಿಲ್ಲ.

ಕೊನೆಗೊಂದು ಬೆಳಿಗ್ಗೆ ನಂಜಮ್ಮಜ್ಜಿ, ಇನ್ನು ಎದ್ದು ನಾಲ್ಕು ಹೆಜ್ಜೆ ಹಾಕಿ ಎಂದಳು. ಬಾವ ನನ್ನ ಹೆಗಲ ಮೇಲೆ ಕೈ ಹಾಕಿದ, ನಾನು ಅವನ ಸೊಂಟ ಬಳಸಿದೆ. ಇಬ್ಬರೂ ಒಂದೊಂದೇ ಹೆಜ್ಜೆ ಇಡುತ್ತ ಅಂಗಳ ದಾಟಿ ಬೀದಿಗೆ ಬಂದೆವು. ಬೀದಿಯವರು ಕೆಲಸ ಬಿಟ್ಟು ನೋಡಿದರು. ಬಾವ ಬಾಮೈದ ಅಂದರೆ ಹೀಗಿರಬೇಕು, ಒಬ್ಬರನ್ನೊಬ್ಬರು ಬಿಡುವುದೇ ಇಲ್ಲವಲ್ಲ ಎಂದು ಹೆಂಗಸೊಬ್ಬಳು ತನ್ನ ಗಂಡನಿಗೆ ತೋರಿಸಿ ಹೇಳಿದಳು.

ಬಿಟ್ಟಿದ್ದರೆ ಇಬ್ಬರೂ ಬೀಳುತ್ತಿದ್ದೆವು.