ದೊಡ್ಡಮ್ಮನ ಚೀಲದಲ್ಲಿ ಪಾಲಕ್ ಸೊಪ್ಪು

ನಮ್ಮ ದೊಡ್ಡಮ್ಮ ಪಾಲಕ್ ಸೊಪ್ಪಿನ ಚೀಲ ಹಿಡಿದು ಬಸ್ಸು ಹತ್ತಿದಳೆಂದರೆ ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ ಈ ನಾಲ್ಕು ತಾಲ್ಲೂಕುಗಳಲ್ಲಿ ಎಲ್ಲೋ ಒಂದು ಕಡೆ ನಮ್ಮ ನಂಟರೊಬ್ಬರು ತೀರಿಕೊಂಡಿದ್ದಾರೆ ಎಂದೇ ಅರ್ಥ! ಫೋನು, ವಾಟ್ಸಾಪು ಎಲ್ಲ ಆಮೇಲಿನ ಮಾತು. ಪಾಲಹಳ್ಳಿ ಸ್ಟಾಪಿನಲ್ಲಿ ಅವಳು ಹತ್ತಿದೊಡನೆ ಕಂಡಕ್ಟರು ಟಿಕೆಟ್ ಕೊಡುವುದಕ್ಕೆ ಮುಂಚೆ ಚೀಲದೊಳಗೆ ಇಣುಕುತ್ತಾನೆ. ಹಸಿರು ಕಂಡಿತೋ, ದನಿ ತಗ್ಗಿಸಿ, "ಯಾರವ್ವಾ ಓಗಿದ್ದು?" ಎನ್ನುತ್ತಾನೆ.

ಇವಳು ನನ್ನ ತಾಯಿಯ ಅಕ್ಕ. ಪಾಲಹಳ್ಳಿಯಲ್ಲಿ ನಾಲೆ ಪಕ್ಕ ಚೂರು ಜಮೀನು, ಅದರ ಅಂಚಿನಲ್ಲಿ ಒಂದು ಸೊಪ್ಪಿನ ಮಡಿ. ಆ ಮಡಿಯಲ್ಲಿ ದಂಟಿಲ್ಲ, ಮೆಂತ್ಯವಿಲ್ಲ, ಸಬ್ಬಸಿಗೆಯಿಲ್ಲ. ಪಾಲಕ್ಕು, ಬರೀ ಪಾಲಕ್ಕು! "ಯಾಕೆ ದೊಡ್ಡಮ್ಮ, ಬೇರೆ ಸೊಪ್ಪು ಬೆಳೆದರೆ ಭೂಮಿ ಬೇಡ ಅನ್ನುತ್ತದಾ?" ಎಂದು ಒಮ್ಮೆ ಕೇಳಿದೆ.

"ದುಕ್ಕ ಇರೋರ್ಗೆ ಅಗಿಯಕ್ಕೆ ತ್ರಾಣ ಇರಾಕಿಲ್ಲ ಕಣ್ಲಾ. ಪಾಲಕ್ಕಾದ್ರೆ ತಾನೇ ಇಳ್ಕೊಂಡೋಯ್ತದೆ" ಎಂದಳು.

ಬರೀ ಸೊಪ್ಪು ಮಾತ್ರವಲ್ಲ, ಆ ಚೀಲದಲ್ಲಿ ಉಪ್ಪಿನ ಪೊಟ್ಟಣ, ಬೆಳ್ಳುಳ್ಳಿ, ಮೆಣಸಿನಕಾಯಿ, ತೊಗರಿಬೇಳೆ, ಟವೆಲ್ಲಿನಲ್ಲಿ ಸುತ್ತಿದ ಚಾಕು, ಸೊಪ್ಪು ಮಸೆಯುವ ಕಡಗೋಲು ಎಲ್ಲವೂ ಇರುತ್ತವೆ. ಯುದ್ಧಕ್ಕೆ ಹೊರಟವಳ ಹಾಗೆ! ಇದನ್ನೆಲ್ಲ ಹೊರುವುದು ಯಾಕೆ, ಹೋದ ಮನೆಯಲ್ಲಿ ಉಪ್ಪಿಗೂ ಗತಿಯಿಲ್ಲವೇ ಎಂದು ನನ್ನ ಹೆಂಡತಿ ನಕ್ಕಳು. ದೊಡ್ಡಮ್ಮ ನಗಲಿಲ್ಲ. "ಯಾವ ಡಬ್ಬೀಲಿ ಏನದೆ ಅಂತ ಯಾರ್ನ ಕೇಳಾದವ್ವಾ? ಗೊತ್ತಿದ್ದೋಳೇ ಓಗ್ಬುಟ್ಟಿರ್ತಾಳೆ" ಎಂದಳು. ನನ್ನ ಹೆಂಡತಿ ಅವತ್ತಿನಿಂದ ಡಬ್ಬಿಗಳ ಮೇಲೆಲ್ಲ ಚೀಟಿ ಅಂಟಿಸಿದ್ದಾಳೆ.

ಈ ಹುಚ್ಚು ಹಿಡಿದದ್ದು ದೊಡ್ಡಪ್ಪ ಹೋದಾಗ. ಗದ್ದೆಗೆ ಹೋದ ಮನುಷ್ಯ ಮಧ್ಯಾಹ್ನ ಟ್ರಾಕ್ಟರಿನಲ್ಲಿ ಮಲಗಿಕೊಂಡು ಬಂದರು. ಮನೆತುಂಬ ನಂಟರು, ರಾಶಿ ರಾಶಿ ಚಿತ್ರಾನ್ನ, ಉಪ್ಪಿಟ್ಟು. ದೊಡ್ಡಮ್ಮನ ಗಂಟಲಲ್ಲಿ ಒಂದು ಅಗುಳೂ ಇಳಿಯಲೊಲ್ಲದು. ಎಲ್ಲರೂ "ಉಣ್ಣವ್ವ, ಉಣ್ಣವ್ವ" ಎನ್ನುವವರೇ, ಅವಳ ಬಾಯಲ್ಲಿ ಆ ಒಣ ಉಪ್ಪಿಟ್ಟು ಮರಳಿನ ಹಾಗೆ ಹೊರಳುತ್ತಿದೆ ಎಂದು ಒಬ್ಬರಿಗೂ ಹೊಳೆಯಲಿಲ್ಲ. ಆಗ ಶ್ರೀರಂಗಪಟ್ಟಣದಿಂದ ಒಬ್ಬ ಹೆಂಗಸು ಬಂದರು. ದೊಡ್ಡಮ್ಮನ ರವಿಕೆ ಹೊಲಿಯುವ ಟೈಲರ್‌ನ ಹೆಂಡತಿ. ಬುರ್ಖಾದೊಳಗಿಂದ ಒಂದು ಸ್ಟೀಲ್ ಡಬ್ಬಿ ತೆಗೆದು, ದಾಲ್-ಪಾಲಕ್ಕನ್ನು ಲೋಟಕ್ಕೆ ಬಗ್ಗಿಸಿ, "ಥೋಡಾ ಕುಡೀರಿ ಅಕ್ಕಾ. ಅಗಿಯೋದು ಬ್ಯಾಡ, ಸುಮ್ನೆ ನುಂಗಿ" ಅಂದರಂತೆ. ದೊಡ್ಡಮ್ಮ ನುಂಗಿದಳು. ಆಮೇಲೆಯೇ ಅವಳಿಗೆ ಬಾಯಿಬಿಟ್ಟು ಅಳಲು ಸಾಧ್ಯವಾದದ್ದು.

ಅಲ್ಲಿಂದ ಶುರುವಾಯಿತು ನೋಡಿ ಸವಾರಿ! ಒಂದೊಂದು ಸಾವಿಗೆ ಒಂದೊಂದು ಅಡುಗೆ. ವಯಸ್ಸಾಗಿ ಹೋದವರ ಮನೆಯಾದರೆ ಬೇಳೆ, ಸೊಪ್ಪು, ಹಸಿಮೆಣಸಿನಕಾಯಿ ಬೇಯಿಸಿ ನುಣ್ಣಗೆ ಮಸೆದ ಮಸ್ಸೊಪ್ಪು, ಜೊತೆಗೆ ಮೆತ್ತನೆ ಮುದ್ದೆ. ಹಲ್ಲಿಲ್ಲದ ಅಜ್ಜಿ ಒಂಟಿಯಾಗಿ ಉಳಿದಿದ್ದರೆ ನುಚ್ಚಕ್ಕಿ ಗಂಜಿಗೆ ಸೊಪ್ಪು ಅರೆದು ಹಾಕುವುದು. ಚಿಕ್ಕ ಮಕ್ಕಳಿರುವ ಮನೆಯಾದರೆ ಸಣ್ಣಗೆ ಹೆಚ್ಚಿ ಅಕ್ಕಿರೊಟ್ಟಿ. ರೊಟ್ಟಿ ತಟ್ಟುತ್ತಾ ಮಕ್ಕಳಿಗೆ ಮಾತ್ರ ಏನೇನೋ ಹೇಳಿ ನಗಿಸುತ್ತಾಳೆ. ಕೆಲವರಿಗೆ ಇದು ಸರಿಕಾಣುವುದಿಲ್ಲ. ಆದರೆ ಕೈಯಲ್ಲಿ ರೊಟ್ಟಿ ಹಿಡಿದುಕೊಂಡು ಅವಳನ್ನು ಬೈಯುವುದು ಹೇಗೆ?

ಒಮ್ಮೆ ಸಿಂಧಘಟ್ಟದ ನಮ್ಮ ಸೋದರಮಾವ ಹೋಗಿಬಿಟ್ಟರೆಂದು ಸುದ್ದಿ ಬಂತು. ಬಹಳ ದಿನದಿಂದ ಹಾಸಿಗೆ ಹಿಡಿದಿದ್ದರು. ದೊಡ್ಡಮ್ಮ ಸೊಪ್ಪು ಕಿತ್ತು, ಬಸ್ಸು ಬದಲಾಯಿಸಿಕೊಂಡು ಹೋಗಿ ನೋಡುತ್ತಾಳೆ, ಹೆಣವಾಗಬೇಕಿದ್ದ ಮನುಷ್ಯ ಜಗಲಿಯ ಮೇಲೆ ಕೂತು ಗಡ್ಡ ಹೆರೆಸಿಕೊಳ್ಳುತ್ತಿದ್ದಾರೆ! ಹೋಗಿದ್ದವರು ಅದೇ ಹೆಸರಿನ ಇನ್ಯಾರೋ.

"ಯಾಕಕ್ಕ ಬಂದೆ?" ಎಂದರು ಮಾವ, ಮುಖದ ತುಂಬ ಸೋಪಿನ ನೊರೆ.

"ಸುಮ್ಕೆ ಬಂದೆ ಕಣಪ್ಪ, ನೋಡ್ಕೊಂಡೋಗವಾ ಅಂತ."

ಮಾವನ ಕಣ್ಣು ಚೀಲದ ಮೇಲೆ ಬಿತ್ತು. ನೊರೆಯೊಳಗಿನ ಮುಖ ಇನ್ನಷ್ಟು ಬೆಳ್ಳಗಾಯಿತು. "ಸುಮ್ಕೆ ಬಂದೋಳು ಸೊಪ್ಪು ಯಾಕ್ ತಂದೆ?"

ದೊಡ್ಡಮ್ಮ ಒಳಗೆ ಹೋಗಿ ಬಸ್ಸಾರು ಮಾಡಿದಳು. ಬೇಳೆ, ಸೊಪ್ಪು ಬೇಯಿಸಿ, ಕಟ್ಟು ಬಸಿದು, ಆ ನೀರಿಗೆ ಕಾಯಿ, ಖಾರ ಅರೆದು ಹಾಕಿ ಕುದಿಸಿದಳು. ಬಸಿದ ಸೊಪ್ಪಿಗೆ ಈರುಳ್ಳಿ ಒಗ್ಗರಣೆ ಹಾಕಿ ಪಲ್ಯ. ಮಾವ ತಟ್ಟೆ ಮುಂದೆ ಕೂತು, "ಬಡ್ಸು, ಬಡ್ಸು. ಸತ್ಮೇಲೆ ಎಲ್ರೂ ಉಣ್ತಾರೆ, ನಂಗೊಬ್ನಿಗೇ ಸಿಗಾಕಿಲ್ಲ!" ಎಂದು ಮುದ್ದೆಯ ಮೇಲೆ ಮುದ್ದೆ ಮುರಿದರು. ಆಮೇಲೆ ಅವರು ಹೆಚ್ಚು ಕಾಲ ಇರಲಿಲ್ಲ. ದೊಡ್ಡಮ್ಮ ಎರಡನೇ ಸಲ ಸೊಪ್ಪು ಹಿಡಿದು ಹೋದಾಗ ಅತ್ತೆ ಅವಳನ್ನು ತಬ್ಬಿಕೊಂಡು ಹೇಳಿದ್ದು ಇಷ್ಟೇ: "ಬಸ್ಸಾರು ಮಾಡೋಳು ಯಾವಾಗ ಬತ್ತಾಳೆ ಅಂತ ಕೇಳ್ತಾನೇ ಇದ್ರು ಕಣಕ್ಕ."

ನಾಗಮಂಗಲದ ಕಥೆ ಇನ್ನೂ ವಿಚಿತ್ರ. ಅಲ್ಲಿ ತಂದೆ ಸತ್ತ ಮನೆಯಲ್ಲಿ ಅಣ್ಣತಮ್ಮಂದಿರು ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ. ಅಪ್ಪನನ್ನು ಯಾವ ಆಸ್ಪತ್ರೆಗೆ ಸೇರಿಸಬೇಕಿತ್ತು ಎಂಬ ಜಗಳ. ಇಬ್ಬರ ಕಣ್ಣಿನಲ್ಲೂ ಒಂದು ಹನಿ ನೀರಿಲ್ಲ, ಬರೀ ಕೆಂಡ. ದೊಡ್ಡಮ್ಮ ಇಬ್ಬರನ್ನೂ ಅಕ್ಕಪಕ್ಕ ಕೂರಿಸಿ ಪಾಲಕ್ ಪಲ್ಯ ಬಡಿಸಿದಳು. ಸೊಪ್ಪಿಗಿಂತ ಹಸಿಮೆಣಸಿನಕಾಯಿಯೇ ಜಾಸ್ತಿ! ಎರಡನೇ ತುತ್ತಿಗೆ ಅಣ್ಣನ ಮೂಗು ಸೋರಿತು, ಮೂರನೆಯದಕ್ಕೆ ತಮ್ಮನ ಕಣ್ಣು. ಸೂಸ್ ಸೂಸ್ ಎನ್ನುತ್ತಾ ಇಬ್ಬರೂ ಒಂದೇ ನೀರಿನ ಚೊಂಬಿಗೆ ಕೈಚಾಚಿದರು. ಖಾರಕ್ಕೆಂದು ಶುರುವಾದ ಅಳು ಎಲ್ಲಿ ನಿಜವಾದ ಅಳುವಾಯಿತೋ ಯಾರಿಗೂ ತಿಳಿಯಲಿಲ್ಲ. ಆಮೇಲೆ ಅವಳು ಮೊಸರಿಗೆ ಬೆಂದ ಸೊಪ್ಪು ಕಲಸಿದ ಬಜ್ಜಿ ತಂದು ಮುಂದಿಟ್ಟಳು. "ಈಗ ಇದ ಉಣ್ರಲಾ, ತಣ್ಗಾಯ್ತದೆ."

ಇಂಥವಳನ್ನು ಜನ ಮದುವೆ ಮನೆಗೆ ಕರೆಯುತ್ತಾರೆಯೇ? ಕರೆಯುತ್ತಾರೆ, ಆದರೆ ಕಾರ್ಡು ಕೊಡುವಾಗ "ಬರಿಗೈಲೇ ಬನ್ನಿ ಅತ್ತೆ, ಏನೂ ತರಬೇಡಿ" ಎಂದು ಒತ್ತಿ ಹೇಳುತ್ತಾರೆ. ಬೇರೆಯವರಿಗೆ ಅದು ಉಪಚಾರದ ಮಾತು. ಅವಳಿಗೆ ಎಚ್ಚರಿಕೆ! ಕೆ.ಆರ್. ಪೇಟೆಯಲ್ಲಿ ಯಾರದೋ ನಾಮಕರಣಕ್ಕೆ ಹೋದವಳನ್ನು ಬಾಗಿಲಲ್ಲೇ ತಡೆದು ಚೀಲ ಬಿಚ್ಚಿಸಿ ನೋಡಿದರಂತೆ. ಒಳಗೆ ಮಗುವಿಗೆಂದು ಹೊಲಿಸಿದ ಕುಲಾವಿ ಇತ್ತು. ಅವಳು ಅದನ್ನು ಕೊಟ್ಟು, ಊಟಕ್ಕೆ ನಿಲ್ಲದೆ, ಬಂದ ಬಸ್ಸಿನಲ್ಲೇ ಹಿಂದಿರುಗಿದಳು. ಇದನ್ನು ಅವಳು ಮನೆಯಲ್ಲಿ ಯಾರಿಗೂ ಹೇಳಲಿಲ್ಲ. ಬಸ್ಸಿನಲ್ಲಿ ಅವಳ ಬಾಯಿಂದಲೇ ಕೇಳಿ ನಮಗೆ ಹೇಳಿದವನು ಕಂಡಕ್ಟರು.

ಹೋದ ವರ್ಷ ದೊಡ್ಡಮ್ಮ ಪಾಲಕ್ ಚೀಲ ಹಿಡಿದು ಪಾಂಡವಪುರಕ್ಕೆ, ನಮ್ಮ ಮನೆಗೇ ಬಂದಳು. ನನ್ನ ಅಮ್ಮ ಹೋಗಿಬಿಟ್ಟಿದ್ದಳು. ಬೆಳಿಗ್ಗೆ ಬಟ್ಟೆ ಒಣಹಾಕಿ ಬಂದು, ಎದೆ ಹಿಂಡುತ್ತಿದೆ ಎಂದು ಕೂತವಳು ಏಳಲಿಲ್ಲ.

ಸಮಾಧಿಗೆ ಹಾಲುತುಪ್ಪ ಬಿಡುವ ಕಾರ್ಯ ಮುಗಿದು ನಂಟರೆಲ್ಲ ಹೊರಟರು. ದೊಡ್ಡಮ್ಮ ಉಳಿದಳು, ಅಪ್ಪ ಉಣ್ಣುತ್ತಿರಲಿಲ್ಲವಲ್ಲ! ಒಂದು ಲೋಟ ಟೀ, ಅದರ ಮೇಲೆ ಸಕ್ಕರೆ ಕಾಯಿಲೆಯ ಮಾತ್ರೆ, ಅಷ್ಟೇ. ಬಚ್ಚಲಿಗೆ ಹೋಗಿ ತಲೆಸುತ್ತಿ ಬಿದ್ದರು. ಡಾಕ್ಟರು, "ಊಟ ಮಾಡದಿದ್ದರೆ ಇವರನ್ನೂ ಕಳೆದುಕೊಳ್ಳುತ್ತೀರಿ" ಎಂದು ನನ್ನನ್ನು ಪಕ್ಕಕ್ಕೆ ಕರೆದು ಹೇಳಿದರು. ದೊಡ್ಡಮ್ಮ ಸೆರಗು ಬಿಗಿದಳು. ಮಸ್ಸೊಪ್ಪು ಮಾಡಿದಳು, ಅಪ್ಪ ತುತ್ತು ಮುರಿದು ಕೈತೊಳೆದರು. ಬಸ್ಸಾರು, ಬೇಡ. ಅಕ್ಕಿರೊಟ್ಟಿ, ಬೇಡ. ಬರೀ ಸೊಪ್ಪು ಬಸಿದ ನೀರಿಗೆ ಬೆಳ್ಳುಳ್ಳಿ ಜಜ್ಜಿ ಹಾಕಿದ ಉಪ್ಸಾರು, ಅದೂ ಬೇಡ. "ನಾಕು ತಾಲ್ಲೂಕಲ್ಲಿ ನನ್ ಸೊಪ್ಪ ತಳ್ಳಿದ್ದು ನಿಮ್ಮಪ್ಪ ಒಬ್ನೇ ಕಣ್ಲಾ" ಎಂದು ಹಿತ್ತಲಲ್ಲಿ ನಿಂತು ಹೇಳುವಾಗ ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಹೆದರಿಕೆ ಇತ್ತು.

ಕೊನೆಗೆ ಅಪ್ಪನ ಎದುರು ನೆಲದ ಮೇಲೆ ಕೂತು ಕೇಳಿದಳು. "ಏನಪ್ಪ ಆಗದೆ ಈ ಸೊಪ್ಗೆ? ಉಪ್ಪಿಲ್ವಾ? ಖಾರಿಲ್ವಾ?"

ಅಪ್ಪ ತಟ್ಟೆಯನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿದರು. "ಎಲ್ಲ ಸರ್ಯಾಗದೆ ಅಕ್ಕ. ಅದೇ ಕಷ್ಟ. ಅವಳು ಮಾಡ್ತಿದ್ದಿದ್ದು ಇಂಗಿರ್ಲಿಲ್ಲ."

ನಿಜ ಹೇಳಬೇಕೆಂದರೆ ನನ್ನಮ್ಮನಷ್ಟು ಕೆಟ್ಟದಾಗಿ ಸೊಪ್ಪು ಬೇಯಿಸುವವರು ಜಿಲ್ಲೆಯಲ್ಲಿ ಇರಲಿಲ್ಲ! ಒಲೆಯ ಮೇಲಿಟ್ಟು, ಕಾಂಪೌಂಡಿನ ಬಳಿ ಪಕ್ಕದ ಮನೆಯವರ ಜೊತೆ ಮಾತಿಗೆ ನಿಂತರೆ ಮುಗಿಯಿತು. ಸೊಪ್ಪು ಕಪ್ಪಗಾಗಿ, ತಳಹತ್ತಿ, ಬೆಳ್ಳುಳ್ಳಿ ಸೀದು ಕಮರಿದ ಮೇಲೆ ಓಡಿಬರುತ್ತಿದ್ದಳು. ಆ ಗಾಬರಿಯಲ್ಲಿ ಉಪ್ಪನ್ನು ಇನ್ನೊಂದು ಸಲ ಹಾಕುತ್ತಿದ್ದಳು. "ಇದೇನು ಸೊಪ್ಪೋ ಗೊಬ್ಬರವೋ?" ಎಂದು ಅಪ್ಪ ಜೀವಮಾನವಿಡೀ ರೇಗಿದ್ದರು. "ಉಂಡ್ ನೋಡಿ, ಗೊತ್ತಾಯ್ತದೆ" ಎಂದು ಅವಳು ಜೀವಮಾನವಿಡೀ ಬಡಿಸಿದ್ದಳು.

ದೊಡ್ಡಮ್ಮ ಎದ್ದು ಅಡುಗೆಮನೆಗೆ ಹೋದಳು. ಸೊಪ್ಪಿನ ಪಾತ್ರೆ ಒಲೆಗೇರಿಸಿ, ಉರಿ ದೊಡ್ಡದು ಮಾಡಿ, ಮುಚ್ಚಳ ಮುಚ್ಚಿ, ಹೊರಗೆ ಬಂದು ಹಿತ್ತಲ ಮೆಟ್ಟಿಲ ಮೇಲೆ ಕೂತುಬಿಟ್ಟಳು. ಸ್ವಲ್ಪ ಹೊತ್ತಿಗೆ ಕಮರು ವಾಸನೆ ಮನೆತುಂಬ ಹಬ್ಬಿತು.

"ದೊಡ್ಡಮ್ಮಾ, ಸೀದು ಹೋಗುತ್ತಿದೆ!" ಎಂದು ಓಡಿದೆ.

"ಸುಮ್ಕಿರ್ಲಾ. ಇನ್ನೊಸಿ ಸೀಯಲಿ" ಎಂದಳು, ಕಾಂಪೌಂಡಿನ ಕಡೆ ನೋಡುತ್ತಾ. "ಇಷ್ಟ್ ಬೇಗ ಅವಳು ಮಾತು ಮುಗಿಸ್ತಿರ್ಲಿಲ್ಲ."

ಆಮೇಲೆ ಎದ್ದು, ಉಪ್ಪು ಹಾಕಿ, ಒಂದು ಕ್ಷಣ ನಿಂತು, ಮತ್ತೆ ಉಪ್ಪು ಹಾಕಿದಳು. ತಟ್ಟೆ ತಂದು ಅಪ್ಪನ ಮುಂದಿಟ್ಟಳು. ಕಪ್ಪು ಸೊಪ್ಪು, ಬಿಸಿ ಮುದ್ದೆ. ಅಪ್ಪ ಮೊದಲ ತುತ್ತು ಬಾಯಿಗಿಟ್ಟರು. ನುಂಗಿದರು. ಇನ್ನೊಂದು ತುತ್ತು. ಮತ್ತೊಂದು.

"ಎಂಗದಪ್ಪ?" ಎಂದಳು ದೊಡ್ಡಮ್ಮ.

"ಬಾಯಿಗಿಡಕಾಗಾಕಿಲ್ಲ" ಎಂದರು ಅಪ್ಪ, ಕಣ್ಣು ಒರೆಸಿಕೊಳ್ಳದೆ. "ಇನ್ನೊಸಿ ಬುಡಕ್ಕ."

ದೊಡ್ಡಮ್ಮ ಬಡಿಸಿದಳು. ಪಾತ್ರೆಯ ತಳಕ್ಕೆ ಅಂಟಿದ್ದನ್ನು ಬಳಿದು ತನ್ನ ಬಾಯಿಗೂ ಒಂದಿಷ್ಟು ಹಾಕಿಕೊಂಡು, ಗೋಡೆಯ ಕಡೆ ತಿರುಗಿ ಕೂತಳು. ನಮಗಲ್ಲ, ತನ್ನ ತಂಗಿಗೆ ಹೇಳಿದಳು: "ಥೂ, ಇಷ್ಟೊಂದ್ ಉಪ್ಪ ಹಾಕ್ತಾರೇನವ್ವಾ!"